ಹಿನ್ನೀರಿನಲ್ಲಿ ಕಂಡಕ್ಟ್ರಮ್ಮನ ರೆಕ್ಕೆ

ಬಸ್ಸಿನ ಕಂಡಕ್ಟರ್ ಕೆಲಸ ಮಾಡೋರು ನಗುವನ್ನ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅದೇ ಯಾವುದಾದರೂ ಊರಿಗೆ ದಾರಿ ಒಡೆಯೋ ಗೇಟಿನಲ್ಲಿ ನಿಂತು, ಕೈ ಅಡ್ಡ ಹಾಕಿ, ಹತ್ತಿಕೊಳ್ಳುತ್ತೆ. ನನ್ನ ಬಸ್ಸು ಕಿಕ್ಕೇರಿಯಿಂದ ಕೆ.ಆರ್.ಪೇಟೆ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರೋದು. ಮಗಳ ಮದುವೆ ಮಾಡೋ ವಯಸ್ಸಿನಲ್ಲಿ ನಾನು ನೀರಿನ ಆಟ ಕಲಿಯೋಕೆ ಹೋದಮೇಲೆ, ಆ ನಗು ಬಸ್ಸಿಳಿದು ನನ್ನ ಹಿಂದೆ ಹಿನ್ನೀರಿಗೂ ಬಂತು.

ಉದ್ದನೆಯ ಚೀಲ

ಒಂದು ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ತಲೆ ನರೆತ, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗಿದ್ದ ಒಬ್ಬರು ಹತ್ತಿದರು. ಬೆನ್ನ ಮೇಲೊಂದು ಮೂಟೆ, ಕೈಯಲ್ಲೊಂದು ಉದ್ದನೆಯ ಚೀಲ. ಚೀಲ ಬಾಗಿಲಲ್ಲಿ ಸಿಕ್ಕಿಕೊಂಡಿತು, ಹತ್ತೋರು ಇಳಿಯೋರೆಲ್ಲ ಬೈಯೋಕೆ ಶುರು ಮಾಡಿದರು.

"ಸಾರ್, ಲಗೇಜ್ ಟಿಕೆಟ್ ಆಗುತ್ತೆ. ಏನಿದೆ ಇದರಲ್ಲಿ?" ಅಂದೆ.

"ರೆಕ್ಕೆ ಕಣಮ್ಮ."

"ಯಾರದು?"

"ನಂದೇ."

ಮುಂದಿನ ಸೀಟಿನಲ್ಲಿದ್ದ ಅಜ್ಜ ನಿಧಾನವಾಗಿ ತಿರುಗಿ, ಅವರನ್ನ ಮೇಲಿಂದ ಕೆಳಗಿನವರೆಗೆ ನೋಡಿ, "ರೆಕ್ಕೆ ಮಡಿಕಂಡು ಬಸ್ಸಿಗ್ಯಾಕ್ಲಾ ಬಂದೆ?" ಅಂದ.

ಕೊಡೆ

ಅವರು ನಾಗಮಂಗಲದ ಕಡೆಯವರು. ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಬೆಳಗೊಳದಲ್ಲಿ ಮನೆ ಮಾಡಿದ್ದರು. ಭಾನುವಾರ ಕೆ.ಆರ್.ಎಸ್. ಹಿನ್ನೀರಿನಲ್ಲಿ ವಿಂಗ್ ಫಾಯಿಲ್ ಅನ್ನೋ ಆಟ ಆಡ್ತಾರಂತೆ, ಕಲಿಯೋಕೆ ಬಂದರೆ ಪುಕ್ಕಟೆ ಕಲಿಸ್ತಾರಂತೆ. ಯಾರೂ ಬಂದಿರಲಿಲ್ಲ. ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ, ಕಾಲಡಿ ಒಂದು ಹಲಗೆ. ಹಲಗೆಯ ಅಡಿಗೆ ನೀರಿನೊಳಗೆ ಇಳಿದ ಒಂದು ಕಂಬ, ಅದರ ತುದಿಗೆ ಇನ್ನೊಂದು ಪುಟ್ಟ ರೆಕ್ಕೆ. ಗಾಳಿ ಎಳೆದಾಗ ವೇಗ ಬಂದು ಹಲಗೆ ನೀರು ಬಿಟ್ಟು ಮೇಲೇಳುತ್ತೆ, ಮನುಷ್ಯ ತೇಲಿಕೊಂಡು ಹೋಗ್ತಾನೆ. ಇಷ್ಟನ್ನ ಅವರು ಪಾಂಡವಪುರ ಬರೋದರೊಳಗೆ ಹೇಳಿ ಮುಗಿಸಿದರು.

ನಾನು ಯಾಕೆ ಹೋದೆ ಅಂದರೆ, ಗರ್ಭಕೋಶದ ಆಪರೇಷನ್ ಆಗಿ ಡ್ಯೂಟಿಗೆ ಮರಳಿ ಬಂದಿದ್ದೆ. ಡಾಕ್ಟರಮ್ಮ "ಎಲ್ಲಾ ಸರಿಹೋಗಿದೆ, ಓಡು, ಈಜು, ಏನಾದರೂ ಮಾಡು" ಅಂದಿದ್ದರು. ಅವರು ನಂಬಿದ್ದರು, ನಾನು ನಂಬಿರಲಿಲ್ಲ. ನನ್ನೊಳಗೆ ಒಂದು ಬಿರುಕು ಬಿಟ್ಟ ಮಡಕೆ ಇದೆ, ಅಲುಗಾಡಿದರೆ ಹೋಯ್ತು ಅಂತ, ಬಸ್ಸಿನ ಮೆಟ್ಟಿಲು ಇಳಿಯುವಾಗಲೂ ಎರಡು ಕೈಲಿ ಕಂಬಿ ಹಿಡಿಯುತ್ತಿದ್ದೆ. ಚಿಕ್ಕಂದಿನಲ್ಲಿ ನಾಲೆಗೆ ದುಮುಕಿ ಈಜು ಕಲಿತವಳು ನಾನೇನಾ ಅಂತ ನನಗೇ ಅನುಮಾನ ಬರುತ್ತಿತ್ತು. ಅದಕ್ಕೇ ವಾರದ ರಜೆಯನ್ನ ಭಾನುವಾರಕ್ಕೆ ಹಾಕಿಸಿಕೊಂಡು ಹೋದೆ.

ಮೇಷ್ಟ್ರು (ಅವತ್ತಿಂದ ಅವರಿಗೆ ಅದೇ ಹೆಸರು) ಮೊದಲ ಪಾಠ ದಡದ ಮೇಲೇ ಮಾಡಿದರು. ನಿಂತು ರೆಕ್ಕೆ ಹಿಡಿದುಕೊಳ್ಳೋದು, ಅಷ್ಟೇ. ಆಷಾಢದ ಗಾಳಿ. ನಾನು ಹಿಡಿದುಕೊಂಡೆ, ಗಾಳಿ ನನ್ನನ್ನ ಹಿಡಿದುಕೊಂಡಿತು. ದಡ ಬಿಟ್ಟು, ಹುಲ್ಲು ಬಿಟ್ಟು, ಮೇಯುತ್ತಿದ್ದ ಆಡಿನ ಮಂದೆಯ ನಡುವೆ ಓಡುತ್ತಾ ಹೋದೆ. ಆಡುಗಳೆಲ್ಲ ದಿಕ್ಕಾಪಾಲು. ಆಡಿನವನು ಕಿರುಚಿದ:

"ಅಕ್ಕೋ, ಕೊಡೆ ಬುಟ್ಬುಡಕ್ಕೋ!"

"ಬುಟ್ರೆ ಒಂಟೋಯ್ತದೆ ಕಣಣ್ಣೋ!"

"ನೀನೇ ಒಂಟೋಗ್ತಾ ಇದ್ದೀಯಲ್ಲಕ್ಕೋ!"

ರೈಟ್, ಹೋಲ್ಡಾನ್

ನೀರಿಗಿಳಿಯೋ ದಿನ ನನಗೆ ಸ್ವಲ್ಪ ಜಂಬವಿತ್ತು. ಕಿಕ್ಕೇರಿ ರಸ್ತೆಯ ಗುಂಡಿಗಳ ಮೇಲೆ ಓಡೋ ಬಸ್ಸಿನಲ್ಲಿ, ಯಾವುದನ್ನೂ ಹಿಡಿಯದೆ ನಿಂತು ಟಿಕೆಟ್ ಹರಿದವಳು ನಾನು. ಒಂದು ಹಲಗೆ ಏನು ಮಹಾ?

ಲೈಫ್ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು, ಹಲಗೆಯ ಮೇಲೆ ಮಂಡಿಯೂರಿ ಕೂತೆ. ರೆಕ್ಕೆ ಎತ್ತಿದೆ. ಹಲಗೆ ಹೊರಟಿತು. ಎದುರಿಗೆ ನೀರಿಗೆ ಬಾಗಿದ್ದ ಒಂದು ಜಾಲಿ ಮರ. ಮೇಷ್ಟ್ರು ಎದೆಮಟ್ಟದ ನೀರಿನಲ್ಲಿ ನಿಂತು ನೋಡಿ, ಬಲಕ್ಕೆ ತಿರುಗಲಿ ಅಂತ "ರೈಟ್! ರೈಟ್!" ಅಂತ ಕೂಗಿದರು.

ಈ ಕಿವಿಗೆ ರೈಟ್ ಅಂದರೆ ಒಂದೇ ಅರ್ಥ. ಗಾಡಿ ಬಿಡು. ನಾನು ರೆಕ್ಕೆ ಇನ್ನಷ್ಟು ಬಿಗಿದು ನೆಟ್ಟಗೆ ಬಿಟ್ಟೆ.

ಅವರಿಗೆ ಗಾಬರಿ. "ರೈಟ್ ಕಣಮ್ಮ, ರೈಟ್!" ಅಂದರು. ನಾನು ಇನ್ನೂ ಜೋರು. ಜಾಲಿ ಮರ ಹತ್ತಿರ ಬಂತು. ರೆಕ್ಕೆ ಕೈಬಿಟ್ಟರೆ ಮುಳ್ಳಿಗೆ ಹೋಗುತ್ತೆ, ಗಟ್ಟಿಯಾಗಿ ಹಿಡಿದುಕೊಳ್ಳಲಿ ಅಂತ ಅವರು ಇದ್ದ ದಮ್ಮೆಲ್ಲ ಹಾಕಿ "ಹೋಲ್ಡ್ ಆನ್!" ಅಂತ ಕೂಗಿದರು.

ನಾನು ಎಲ್ಲಾ ಬಿಟ್ಟೆ. ರೆಕ್ಕೆ ಮುಳ್ಳಿಗೆ, ಹಲಗೆ ಒಂದು ಕಡೆಗೆ, ನಾನು ನೀರಿನೊಳಕ್ಕೆ. ಮೇಲೆ ಬಂದಾಗ ಮೇಷ್ಟ್ರು ತಲೆ ಮೇಲೆ ಕೈಯಿಟ್ಟುಕೊಂಡು, "ಕೈ ಯಾಕಮ್ಮ ಬಿಟ್ಟೆ?" ಅಂತ ಕೇಳಿದರು.

"ನೀವೇ ಹೋಲ್ಡಾನ್ ಅಂದ್ರಲ್ಲ ಸಾರ್. ಸ್ಟಾಪ್ ಬಂತು ಅಂತ ಇಳಿದ್ಬುಟ್ಟೆ."

ಅಳತೆ

ಹರಿದ ರೆಕ್ಕೆಯನ್ನ ಹೊಲಿಯೋರು ಯಾರು? ಪಾಂಡವಪುರದಲ್ಲಿ ನನ್ನ ರವಿಕೆ ಹೊಲಿಯೋ ಸಾಬರ ಅಂಗಡಿಗೇ ತೆಗೆದುಕೊಂಡು ಹೋದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಬಟ್ಟೆ ಹರಡಿದರು. ಮೇಜು ಸಾಲಲಿಲ್ಲ. ನೆಲಕ್ಕೆ ಹರಡಿದರು. ಈ ಕಡೆ ಒಂದು ರೆಕ್ಕೆ, ಆ ಕಡೆ ಒಂದು ರೆಕ್ಕೆ. ಒಮ್ಮೆ ಅದನ್ನ ನೋಡಿದರು, ಒಮ್ಮೆ ನನ್ನನ್ನ ನೋಡಿದರು.

"ಅರೇ ಅಮ್ಮಾ, ಅಳತೆ ಯಾರು ಕೊಟ್ಟಿದ್ದು?"

ವಿಷಯ ಹೇಳಿದೆ. ನಕ್ಕೂ ನಕ್ಕೂ ಅವರಿಗೆ ಕೆಮ್ಮು ಬಂತು. ಆಮೇಲೆ ನಗೋದು ನಿಲ್ಲಿಸಿ, ಶಾಮಿಯಾನ ಹೊಲಿಯೋ ದಪ್ಪ ದಾರದಲ್ಲಿ, ಒಳಗೊಂದು ಹೊರಗೊಂದು ತೇಪೆ ಕೊಟ್ಟು, ಮಧ್ಯಾಹ್ನದ ಊಟ ಬಿಟ್ಟು ಹೊಲಿದರು. ಕೂಲಿ ಎಷ್ಟು ಅಂದರೆ ಕೈ ಅಡ್ಡ ಮಾಡಿದರು. "ನೀನು ಆಸ್ಪತ್ರೇಲಿ ಇದ್ದಾಗ ನಮ್ಮ ಮನೇಲಿ ದುವಾ ಮಾಡಿದ್ವಿ. ಈಗ ಹಾರ್ತೀನಿ ಅಂತೀಯ. ಇದಕ್ಕೆ ಕೂಲಿ ತಗೋತಾರಾ?" ಅಂದರು.

ನಾನು ರೆಕ್ಕೆ ಮಡಿಸಿಕೊಂಡು ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕೂಗಿದರು:

"ಹಾಕ್ಕೊಂಡು ನೋಡಮ್ಮಾ. ಟೈಟಾದ್ರೆ ತಗೊಂಡ್ಬಾ, ಬಿಚ್ಚಿ ಕೊಡ್ತೀನಿ."

ಅತ್ತೆ

ಆಪರೇಷನ್ ಆದಮೇಲೆ ನಮ್ಮತ್ತೆ ನನ್ನ ಕೈಲಿ ಒಂದು ಬಿಂದಿಗೆ ನೀರು ಎತ್ತಿಸಿದವರಲ್ಲ. ಬಗ್ಗಬೇಡ, ಎತ್ತಬೇಡ, ಜೋರಾಗಿ ಸೀನಬೇಡ. ಭಾನುವಾರ ನಾನು ಎಲ್ಲಿಗೆ ಹೋಗ್ತೀನಿ ಅಂತ ಗೊತ್ತಾದ ವಾರ, ನನ್ನನ್ನ ಎಳೆದುಕೊಂಡು ಹೋಗಲೇಬೇಕು ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿನ್ನೀರಿಗೇ ಬಂದರು. ಬರುವಾಗ ಕಾಫಿ ಫ್ಲಾಸ್ಕು, ರಾಗಿ ರೊಟ್ಟಿ ಎರಡನ್ನೂ ಮರೆಯದೆ ತಂದಿದ್ದರು.

ನಾನು ನೀರಿನಲ್ಲಿದ್ದೆ. ಎದ್ದು ನಿಲ್ಲೋದು, ಬೀಳೋದು. ಮುಂದಕ್ಕೆ ಬಿದ್ದೆ, ಹಿಂದಕ್ಕೆ ಬಿದ್ದೆ, ಪಕ್ಕಕ್ಕೂ ಬಿದ್ದೆ. ಅತ್ತೆ ಕಲ್ಲಿನ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೊನೆಗೆ ಮೇಷ್ಟ್ರನ್ನ ಕೇಳಿದರು:

"ಏನಪ್ಪಾ, ಇವ್ಳು ಬರೀ ಬೀಳದೇಯಾ?"

"ಕಲಿಯೋವಾಗ ಅಂಗೇ ಅಮ್ಮಾ. ಬೀಳಬೇಕು."

"ಬೀಳಕ್ಕೆ ಇಷ್ಟು ದೂರ ಬರಬೇಕಾಗಿತ್ತಾ? ನಮ್ಮ ಬಚ್ಚಲು ಮನೇಲೇ ಬೀಳಬೋದಿತ್ತಲ್ಲಪ್ಪ!"

ಆದರೆ ನಾನು ದಡಕ್ಕೆ ಬಂದಾಗ ಬೈಯಲಿಲ್ಲ. ಸೆರಗಿನಲ್ಲಿ ನನ್ನ ತಲೆ ಒರೆಸಿ, ಕಾಫಿ ಬಗ್ಗಿಸಿ ಕೊಟ್ಟು, ನನ್ನ ಮುಖ ನೋಡಿದರು. "ನೀನು ಇಂಗೆ ನಗ್ತಾ ಇದ್ದದ್ದ ನೋಡಿ ಎಷ್ಟು ದಿನ ಆಗಿತ್ತವ್ವಾ" ಅಂದರು. ಮುಂದಿನ ಭಾನುವಾರ ನನಗಿಂತ ಮೊದಲು ಅವರೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಬಿರ್ರನೆ ಬಾ, ಬೀಳೋ ಒತ್ತಾಯ್ತು."

ಗಂಗವ್ವ

ಶ್ರಾವಣದ ಒಂದು ಬೆಳಗ್ಗೆ, ಗಾಳಿ ಒಂದೇ ಸಮ ಬೀಸುತ್ತಿತ್ತು. ಹಲಗೆಯ ಮೇಲೆ ಎದ್ದು ನಿಂತೆ. ಬೀಳಲಿಲ್ಲ. ರೆಕ್ಕೆ ಎಳೆಯಿತು, ಹಲಗೆ ನೀರಿನ ಮೇಲೆ ಪಟಪಟ ಬಡಿದುಕೊಂಡು ಓಡಿತು. ಆಮೇಲೆ ಆ ಸದ್ದು ತಟ್ಟನೆ ನಿಂತುಹೋಯಿತು. ಏನೋ ಮುರಿಯಿತು ಅಂದುಕೊಂಡು ಕೆಳಗೆ ನೋಡಿದರೆ, ನೀರು ದೂರದಲ್ಲಿತ್ತು. ನಾನು ಮೇಲಿದ್ದೆ. ನನ್ನೊಳಗಿನ ಯಾವ ಮಡಕೆಯೂ ಒಡೆದಿರಲಿಲ್ಲ. ಡಾಕ್ಟರಮ್ಮನಿಗೆ, ಮೇಷ್ಟ್ರಿಗೆ, ಸಾಬರಿಗೆ, ಅತ್ತೆಗೆ, ಈ ಗಾಳಿಗೆ, ಎಲ್ಲರಿಗೂ ಒಟ್ಟಿಗೆ ಕೈ ಮುಗಿಯಬೇಕು ಅನ್ನಿಸಿತು. ಕೈ ಖಾಲಿ ಇರಲಿಲ್ಲ. ಅಳುತ್ತಾ ನಗುತ್ತಾ ಹೋಗ್ತಾ ಇದ್ದೆ.

ಹೋಗ್ತಾನೇ ಇದ್ದೆ. ಆಗ ಹೊಳೆಯಿತು, ನಿಲ್ಲಿಸೋ ಪಾಠ ಇನ್ನೂ ಆಗಿಲ್ಲ.

ಪಾಂಡವಪುರ ತಾಲ್ಲೂಕಿನ ದಡದಲ್ಲಿ ಮೇಲೆದ್ದವಳು ಕೆ.ಆರ್.ಪೇಟೆ ತಾಲ್ಲೂಕಿನ ದಡ ಮುಟ್ಟಿದೆ. ಅಲ್ಲಿ ಒಂದು ಮನೆಯವರು ಗಂಗೆ ಪೂಜೆ ಮಾಡುತ್ತಿದ್ದರು. ಬಾಳೆ ಎಲೆ, ಅರಿಶಿನ ಕುಂಕುಮ, ಹತ್ತಿಸಿದ ಕರ್ಪೂರ. ನೀರಿನಂಚಿನಲ್ಲಿ ಒಬ್ಬರು ಅಜ್ಜಿ ಕಣ್ಣು ಮುಚ್ಚಿ, ಕೈ ಮುಗಿದು, "ಬಾರವ್ವಾ ಗಂಗವ್ವಾ, ಕಣ್ಬುಟ್ಟು ನೋಡವ್ವಾ" ಅಂತ ಕರೆಯುತ್ತಿದ್ದರು. ಸರಿಯಾಗಿ ಆಗಲೇ ನಾನು ಅವರ ಎದುರಿಗೆ ಧೊಪ್ಪನೆ ಬಿದ್ದು, ಸೊಂಟಮಟ್ಟದ ನೀರಿನಿಂದ ಎದ್ದು ನಿಂತೆ. ಹಳದಿ ಜಾಕೆಟ್ಟು, ಕೆಂಪು ಹೆಲ್ಮೆಟ್ಟು, ಮುಖದ ತುಂಬ ಕೂದಲು, ಹಿಂದುಗಡೆ ಬಿಚ್ಚಿದ ರೆಕ್ಕೆ.

ಅಜ್ಜಿ ಕಣ್ಣು ಬಿಟ್ಟರು.

"ಬಂದ್ಯಾ ತಾಯೀ!" ಅಂತ ಅಲ್ಲೇ ಅಡ್ಡಬಿದ್ದರು. ಹಿಂದೆ ಇದ್ದವರೂ ಬಿದ್ದರು. ನಾನು ಬಾಯಿ ತೆರೆಯೋದರೊಳಗೆ ಹೆಲ್ಮೆಟ್ಟಿಗೆ ಕುಂಕುಮ ಇಟ್ಟು, ಬಾಯಿಗೆ ತಂಬಿಟ್ಟಿನ ಉಂಡೆ ತುರುಕಿದರು. ಮಾತಾಡೋ ಹಾಗಿಲ್ಲ. ಅಜ್ಜಿ ಬೇಡಿಕೊಳ್ಳತೊಡಗಿದರು. "ಈ ಸಲ ಮಳೆ ಬೆಳೆ ಚೆಂದಾಗಿ ಕೊಡವ್ವಾ. ಕಟ್ಟೆ ತುಂಬಲವ್ವಾ. ದನ ಕರ ನೆಟ್ಟಗಿರಲವ್ವಾ."

ಕಷ್ಟಪಟ್ಟು ನುಂಗಿ, ಹೆಲ್ಮೆಟ್ಟು ತೆಗೆದು ಹೇಳಿದೆ: "ಅಜ್ಜೀ, ನಾನು ಗಂಗವ್ವ ಅಲ್ಲ ಕಣಜ್ಜಿ. ಕಿಕ್ಕೇರಿ ಬಸ್ಸಿನ ಕಂಡಕ್ಟರು."

ಅಜ್ಜಿ ಎದ್ದು ಹತ್ತಿರ ಬಂದು, ನನ್ನ ಮುಖದ ಕೂದಲು ಸರಿಸಿ, ಚೆನ್ನಾಗಿ ನೋಡಿದರು. ಮುಗಿದ ಕೈ ಮಾತ್ರ ಇಳಿಸಲಿಲ್ಲ.

"ಇನ್ನೂ ಒಳ್ಳೇದೇ ಆಯ್ತು ಬುಡವ್ವ. ಮಳೆನ ಅವಳನ್ನೇ ಕೇಳ್ಕತೀನಿ. ನೀನು ನಮ್ಮೂರ್ ಗೇಟಲ್ಲಿ ಬಸ್ಸು ನಿಲ್ಸು."