ಕಾಲು ಊದಿಸಿಕೊಂಡ ಚೆಲುವಯ್ಯ

ಬೆಳಿಗ್ಗೆ ಎಂಟಕ್ಕೆ ಬ್ಯಾಂಡೇಜ್ ಬಿಚ್ಚಿ ನೋಡಿದ ಚೆಲುವಯ್ಯನ ಎದೆ ಧಸಕ್ಕೆಂದಿತು. ಹಲಸಿನಕಾಯಿಯಂತೆ ಊದಿದ್ದ ಎಡಗಾಲು ಬಲಗಾಲಿನಷ್ಟೇ ಸಣ್ಣಗಾಗಿ ಕೂತಿತ್ತು!

"ಅಯ್ಯೋ, ಕೆಡಿಸ್ಬುಟ್ಟಲ್ಲಮ್ಮಿ!"

ಎದುರಿಗಿದ್ದ ನಾದಿನಿಯ ಮಗಳು ವನಿತಾ ಕಣ್ಣುಕಣ್ಣು ಬಿಟ್ಟಳು. ಗುಂಡ್ಲುಪೇಟೆಯಲ್ಲಿ ಹೊಸದಾಗಿ ಮಸಾಜ್ ಅಂಗಡಿ ತೆರೆದಿದ್ದವಳು ಹಿಂದಿನ ಸಂಜೆ ನೋವು ಹೋಗ್ತದೆ ಅಂತಷ್ಟೇ ಹೇಳಿ ಲ್ಯಾವೆಂಡರ್ ಎಣ್ಣೆ ಹಚ್ಚಿ, ಕಾಲನ್ನು ಕೆಳಗಿನಿಂದ ಮೇಲಕ್ಕೆ ಮೆತ್ತಗೆ ನೀವಿ ನೀವಿ, ಕಟ್ಟಿದ್ದ ನೀರನ್ನೆಲ್ಲ ಇಳಿಸಿದ್ದಳು. "ಲಿಂಫ್ ಮಸಾಜ್ ಕಣ್ ದೊಡ್ಡಪ್ಪ. ಸಂತೋಸ ಪಡದ್ ಬುಟ್ಟು ಬೈತೀಯಲ್ಲ?"

ಯಾವ ಬಾಯಲ್ಲಿ ಸಂತೋಷ ಪಡುವುದು? ಅವನು ಮದ್ದೂರು ಕಾಡಿನ ವಾಚರ್. ಹೋದ ತಿಂಗಳು ಒಂಟಿಸಲಗ ಅಟ್ಟಿಸಿಕೊಂಡು ಬಂದಾಗಿನಿಂದ ಕಾಡಿನೊಳಕ್ಕೆ ಕಾಲಿಡಲೇ ಹೆದರುತ್ತಿದ್ದ. ಚೆಕ್‌ಪೋಸ್ಟಿನಲ್ಲಿ ಕೂರುವ ಕೆಲಸವೊಂದು ಖಾಲಿ ಇತ್ತು. ಈವತ್ತು ಒಂದು ಗಂಟೆಯೊಳಗೆ ಊದಿದ ಕಾಲನ್ನು ಚಾಮರಾಜನಗರದ ಡಾಕ್ಟರಿಗೆ ತೋರಿಸಿ ಸರ್ಟಿಫಿಕೇಟ್ ತಂದರೆ ಅದು ಅವನದು. ಈಗ ತೋರಿಸಲು ಊತವೇ ಇಲ್ಲ!

"ತಿರ್ಗ ಬತ್ತದಾ ಊತ?"

"ಬರ್ದೆ ಏನು? ಒಂದೇ ಕಡೆ ನಿಂತ್ರೆ, ಉಪ್ಪು ಜಾಸ್ತಿ ತಿಂದ್ರೆ ಬಂದೇ ಬತ್ತದೆ. ಉಸಾರು!"

ಅಷ್ಟು ಕೇಳಿದ್ದೇ ಚೆಲುವಯ್ಯ ಓಡಿದ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿಗೆ ಮೂರು ಸಲ ಉಪ್ಪಿನಕಾಯಿ ಹಾಕಿಸಿಕೊಂಡ. ಬಸ್ಸಿನಲ್ಲಿ ಸೀಟಿದ್ದರೂ ಕಂಬ ಹಿಡಿದು ನಿಂತ.

ಅಲ್ಲಿದ್ದಳಲ್ಲ ಪಕ್ಕದ ಮನೆಯ ರಾಚಮ್ಮ! "ಇದೇನಣ್ಣ, ಮದ್ವೆ ಗಂಡಿನಂಗೆ ಗಮಗಮ ಅಂತಿದ್ದೀಯ! ಊದಿದ ಕಾಲಲ್ಲಿ ನಿಂತ್ಕತಾರಾ? ಕುಂತ್ಕೊ."

"ಬ್ಯಾಡ ಕಣವ್ವ."

"ಕುಂತ್ಕೊ ಅಂದ್ರೆ!" ಕೈಹಿಡಿದು ಕೂರಿಸಿ, ಅವನ ಕಾಲನ್ನೆತ್ತಿ ತನ್ನ ಈರುಳ್ಳಿ ಮೂಟೆಯ ಮೇಲಿಟ್ಟಳು. ಅವನು ಏಳಹೋದರೆ ಹಿಂದಿನ ಸೀಟಿನವರು ಭುಜ ಒತ್ತಿ ಹಿಡಿದರು. "ಕಾಲು ಎತ್ರದಲ್ಲೇ ಇರ್ಲಿ ಸಾರ್, ಊತ ಬೇಗ ಇಳೀತದೆ" ಎಂದು ಕಂಡಕ್ಟರ್ ಶಿವರಾಮು ಧೈರ್ಯ ಹೇಳಿದ. ಚೆಲುವಯ್ಯನಿಗೆ ಅಳುವೇ ಬಂತು. ಉಪಕಾರ ಮಾಡುವವರ ಕೈಗೆ ಸಿಕ್ಕವನ ಗತಿ ಇಷ್ಟೇ.

ತೆರಕಣಾಂಬಿಯಲ್ಲಿ ರಾಚಮ್ಮ ಇಳಿದದ್ದೇ ತಡ, ಎದ್ದು ನಿಂತ. ಆಸ್ಪತ್ರೆಯಲ್ಲೂ ಕೂರಲಿಲ್ಲ. ಗೋಡೆಗೊರಗಿ ಎರಡು ಗಂಟೆ ಕಲ್ಲಿನ ಹಾಗೆ ನಿಂತ. ಹನ್ನೆರಡೂವರೆಗೆ ಕಾಲು ಜುಮ್ಮೆಂದಿತು. ಹನ್ನೆರಡು ಮುಕ್ಕಾಲಿಗೆ ಚಪ್ಪಲಿ ಬಿಗಿಯಾಯಿತು. ಹೆಸರು ಕೂಗಿದಾಗ ಪ್ಯಾಂಟು ಮಡಚಿ ನೋಡುತ್ತಾನೆ, ದೇವರು ದೊಡ್ಡವನು, ಕಾಲು ಮೊದಲಿನಷ್ಟೇ ದಪ್ಪ!

ಡಾಕ್ಟರ್ ಮಂಗಳಗೌರಿ ಬೆರಳಿಂದ ಒತ್ತಿದರು. ಗುಳಿ ಬಿತ್ತು. "ಬೆಳಿಗ್ಗೆಯಿಂದ ಏನು ಮಾಡ್ತಿದ್ರಿ?"

"ಏನೂ ಇಲ್ಲ ಮೇಡಂ. ಅಲುಗಾಡ್ದೆ ಒಂದೇ ಕಡೆ ಇದ್ದೆ."

"ಅದಕ್ಕೇ ಈ ಊತ." ಅವರು ಸರಸರ ಬರೆದು ಕಾಗದ ಕೈಗಿಟ್ಟರು. "ಕೂರೋ ಕೆಲಸ ನಿಮಗೆ ಆಗಲ್ಲ. ದಿನಾ ಚೆನ್ನಾಗಿ ನಡೀಬೇಕು. ಒಂದು ವಾರ ರಜೆ ತಗೊಳ್ಳಿ. ಆಮೇಲೆ ಚೆಕ್‌ಪೋಸ್ಟ್ ಬೇಡ, ಕಾಡಿನ ಕೆಲಸಾನೇ ಇರಲಿ ಅಂತ ಬರೆದಿದ್ದೀನಿ."

ಚೆಲುವಯ್ಯ ಕೈಮುಗಿದ. "ಮೇಡಂ, ಸತ್ಯ ಯೋಳ್ತೀನಿ. ಈ ಊತ ನಾನೇ ಬರುಸ್ಕಂಡಿದ್ದು. ಬೆಳಿಗ್ಗೆ ಕಾಲು ಸರ್ಯಾಗೇ ಇತ್ತು!"

"ಸರಿಯಾಗಿತ್ತಾ?" ಡಾಕ್ಟರ ಮುಖ ಅರಳಿತು. ಕಾಗದ ವಾಪಸು ತೆಗೆದುಕೊಂಡು, ಒಂದು ವಾರದ ರಜೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದರು: 'ನಾಳೆಯಿಂದಲೇ.'