ಲೆವೆಲ್ ಸರ್ವೆ

ಬಳಗಾನೂರಿನಲ್ಲಿ ಬಸ್ಸಿಳಿದ ವೀರೇಶ ಚಹಾ ಕುಡಿಯದೆ ನೇರ ಓಣಿಗೆ ನಡೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಚಹಾ ಕುಡಿದ. ಹೋಟೆಲಿನ ದಾವಲ್‌ಸಾಬ್ ಕಪ್ಪು ಇಡುತ್ತ, ಯಾವ ಕೆಲಸಕ್ಕೆ ಬಂದದ್ದು ಎಂದು ವಿಚಾರಿಸಿದ.

"ಸರ್ವೆ ಮಾಡಾಕ ಬಂದೀನ್ರಿ. ಮಲ್ಟಿಲೆವೆಲ್ ಸರ್ವೆ."

ದಾವಲ್‌ಸಾಬ್‌ನ ಕಿವಿಗೆ ಬಿದ್ದದ್ದು ಎರಡೇ ಮಾತು: ಸರ್ವೆ, ಲೆವೆಲ್. ಕಾಲುವೆ ಸೀಮೆಯಲ್ಲಿ ಈ ಎರಡು ಕೂಡಿದರೆ ಅರ್ಥ ಒಂದೇ. ಗದ್ದೆ ಅಳೆದು ಮಟ್ಟ ಮಾಡಿಕೊಡಲು ಸರ್ಕಾರದವರು ಬಂದಿದ್ದಾರೆ.

ವೀರೇಶ ಸಮಾಜಶಾಸ್ತ್ರದ ಎಂ.ಎ. ಮೂರು ತಿಂಗಳಿಂದ ಸಿಂಧನೂರಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಮಲ್ಟಿಲೆವೆಲ್ ಅನ್ನುವ ಅಂಕಿಅಂಶ ಲೆಕ್ಕದ ಒಂದೇ ಪಾಠ ಕಲಿಯುತ್ತಿದ್ದ. ಮನೆಗಳು ಓಣಿಯೊಳಗೆ, ಓಣಿಗಳು ಊರೊಳಗೆ. ಒಂದೇ ಓಣಿಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ, ಆ ಹೋಲಿಕೆಯನ್ನು ಬೇರೆಯಾಗಿ ಅಳೆಯಬೇಕು. ಸೂತ್ರಗಳೆಲ್ಲ ಬಾಯಿಪಾಠವಾಗಿದ್ದವು. ಅರ್ಥ ಮಾತ್ರ ಮುನಿಸಿಕೊಂಡ ಬೀಗರಂತೆ ಹೊಸ್ತಿಲಾಚೆಯೇ ನಿಂತಿತ್ತು. ರಾಜಶ್ರೀ ಮೇಡಂ ಅವರ ಸಂಶೋಧನೆಯಲ್ಲಿ ಒಂದೇ ಒಂದು ಕೆಲಸ ಖಾಲಿಯಿತ್ತು. ಇವತ್ತು ಸಂಜೆಯೊಳಗೆ ಮೂರು ಓಣಿಯ ಮೂವತ್ತು ಮನೆಗಳ ಫಾರ್ಮು ತುಂಬಿ ತಂದರೆ ಅದು ಅವನಿಗೆ.

ಚಹಾ ಮುಗಿಯುವಷ್ಟರಲ್ಲಿ ಸುದ್ದಿ ಹಬ್ಬಿ ಎಂಟು ಬೈಕುಗಳು ಬಂದು ನಿಂತವು. ಊರಿನ ಹಿರಿಯ ಅಂಬಪ್ಪ ಅವನನ್ನು ಹಿಂದೆ ಕೂರಿಸಿಕೊಂಡು ನೇರ ತನ್ನ ಗದ್ದೆಗೆ ಒಯ್ದ. ಮೊದಲು ತನ್ನದೇ ಅಳೆಯಬೇಕೆಂದು ನಾಲ್ಕು ಮಂದಿ ನಾಲ್ಕು ಕಡೆಯಿಂದ ಎಳೆದದ್ದಕ್ಕೆ ವೀರೇಶ ಬದುವಿನಿಂದ ಜಾರಿ ಮೊಣಕಾಲುದ್ದ ಕೆಸರಿನಲ್ಲಿ ನಾಟಿಯಾದ.

"ಕಾಕಾ, ನಾ ಹೊಲದ ಲೆವೆಲ್ ನೋಡಂಗಿಲ್ರಿ," ಎಂದ ಅಲ್ಲಿಂದಲೇ. "ಮಂದಿ ಲೆವೆಲ್ ನೋಡ್ತೀನಿ."

ಹೇಳಬಾರದ ಮಾತೆಂದರೆ ಅದೇ. ಅವನನ್ನು ಕೆಸರುಗಾಲಲ್ಲೇ ಊರ ಕಟ್ಟೆಗೆ ತಂದು ಕೂರಿಸಿದರು. ಗದ್ದೆಮ್ಮ ಎಂಬ ಮುದುಕಿ ಫಾರ್ಮು ಕಸಿದು ಸೊಸೆ ಅಂಬಿಕಾಳ ಕೈಗೆ ಕೊಟ್ಟಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಅಂಬಿಕಾ ಗಟ್ಟಿಯಾಗಿ ಓದಿದಳು: ಲೆವೆಲ್ ಒಂದು, ಮನೆ. ಲೆವೆಲ್ ಎರಡು, ಓಣಿ.

"ನಮ್ಮ ಓಣಿ ಎರಡನೇ ಲೆವೆಲ್ಲೇನು?" ಗದ್ದೆಮ್ಮ ಮೆಲ್ಲಗೆ ಕೇಳಿದಳು. "ಹಂಗಾರ ಒಂದನೇದು ಯಾರದ್ದು, ಅದನ್ನರ ಹೇಳು ತಮ್ಮಾ."

ಆ ಪ್ರಶ್ನೆ ಊರಿನಷ್ಟೇ ಹಳೆಯದು. ಹೀಗೆ ಎಲ್ಲರೆದುರು ಅದನ್ನು ಯಾರೂ ಕೇಳಿರಲಿಲ್ಲ. ವೀರೇಶನಿಗೆ ದೂರದ ಕಾಲುವೆ ನೀರಿನ ಸದ್ದು ಕೇಳಿಸಿತು. ಅದನ್ನೇ ಹಿಡಿದು ಮಾತು ಎತ್ತಿದ.

"ಯವ್ವಾ, ಗದ್ದಿ ಬೆಳಿ ನಿನ್ನ ದುಡಿಮಿ ಮ್ಯಾಲ ಅಷ್ಟ ನಿಂತೈತೇನು? ನಿಮ್ಮ ತೂಬಿಗೆ ನೀರೆಷ್ಟು ಬಂತು, ಅದರ ಮ್ಯಾಲೂ ಐತಲ್ಲ. ಬೆಳಿಯಾಗ ಗದ್ದಿ ಪಾಲೆಷ್ಟು, ತೂಬಿನ ಪಾಲೆಷ್ಟು, ಬಿಡಿಸಿ ನೋಡೋದು ನನ್ನ ಕೆಲಸ. ಮನಿ ಅಂದ್ರ ಗದ್ದಿ, ಓಣಿ ಅಂದ್ರ ತೂಬು. ಮ್ಯಾಲಿಲ್ಲ, ಕೆಳಗಿಲ್ಲ."

"ಇಷ್ಟೇನು? ಮೊದಲ ಹೇಳಿದ್ರ ಕೆಸರರ ತಪ್ಪುತ್ತಿತ್ತು," ಎಂದಳು ಗದ್ದೆಮ್ಮ.

ಮಂದಿ ನಕ್ಕರು. ವೀರೇಶ ನಗಲಿಲ್ಲ. ಮೂರು ತಿಂಗಳು ಹೊರಗೆ ನಿಂತಿದ್ದ ಅರ್ಥ ಈಗ ಒಳಗೆ ಬಂದು ಕೂತಿತ್ತು. ಅವನು ಅದರ ಮುಖವನ್ನೇ ನೋಡುತ್ತಿದ್ದ.

ಮನೆಮನೆ ಅಲೆಯುವುದು ಬೇಡ, ಮೂರೂ ಓಣಿಯವರು ಇಲ್ಲೇ ಬಂದು ಬರೆಸುವುದು ಎಂದು ಅಂಬಪ್ಪ ತೀರ್ಮಾನಿಸಿದ. ಮೊದಲ ಪ್ರಶ್ನೆ: ನೆರೆಯವರನ್ನು ಎಷ್ಟು ನಂಬುತ್ತೀರಿ, ಒಂದರಿಂದ ಐದರೊಳಗೆ ಹೇಳಿ. ಅಂಬಪ್ಪ ಐದು ಎಂದ. ಕಾಂಪೌಂಡು ಗೋಡೆಯ ಜಗಳದಲ್ಲಿ ಅವನೊಡನೆ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಅಮರಗುಂಡಪ್ಪ ಅವನ ಮುಖ ನೋಡಿ ತಾನೂ ಐದು ಎಂದ. ಆಮೇಲೆ ಅಷ್ಟು ಮಂದಿಯ ಎದುರು ನಾಲ್ಕು ಅನ್ನುವ ಗಂಡೆದೆ ಯಾರಿಗಿದೆ? ಎಲ್ಲ ಪ್ರಶ್ನೆಗಳೂ ಅದೇ ಹಾದಿ ಹಿಡಿದವು. ಮೂವತ್ತು ಫಾರ್ಮು ಮುಕ್ಕಾಲು ಗಂಟೆಯಲ್ಲಿ ತುಂಬಿದವು.

"ಎಲ್ಲಾರದೂ ಐದಾದ್ರ ಮನಿಗೂ ಮನಿಗೂ ಫರಕ್ ಎಲ್ಲಿ ಉಳೀತ್ರಿ ಸರ?" ಎಂದು ಅಂಬಿಕಾ ಕೇಳಿದಳು. ಬಸ್ಸು ಬಂತೆಂದು ವೀರೇಶ ಓಡಿದ.

ಸಿಂಧನೂರಿನಲ್ಲಿ ಇಳಿಯುತ್ತಿದ್ದಂತೆ ಮೇಡಂ ಫೋನು ಬಂತು. ಮೂವತ್ತೂ ಮುಗಿದವು ಎಂದು ಅವನು ಹೆಮ್ಮೆಯಿಂದ ಹೇಳಿದ.

"ಮೂವತ್ತರಾಗೂ ಬರೇ ಐದಂತ," ಎಂದರು ಮೇಡಂ. ಫಾರ್ಮಿನ ಕೆಳಗಿದ್ದ ತಮ್ಮ ನಂಬರಿಗೆ ಆ ಊರಿನ ಹೆಣ್ಣುಮಗಳೊಬ್ಬಳು ಫೋನು ಮಾಡಿದ್ದಳಂತೆ. ಎಲ್ಲರನ್ನೂ ಒಂದೇ ಕಡೆ ಕೂರಿಸಿ ಕೇಳಿದ್ದಾರೆ, ಈ ಉತ್ತರ ಲೆಕ್ಕಕ್ಕೆ ಬರುವುದಿಲ್ಲ ಎಂದಳಂತೆ. "ಆ ಕೆಲಸ ಆಕಿಗೇ ಕೊಟ್ಟೆ ವೀರೇಶ. ಇಷ್ಟೆಲ್ಲಾ ಯಾರು ಹೇಳಿಕೊಟ್ರವ್ವಾ ಅಂದ್ರ, ಇವತ್ತ ವೀರೇಶ ಸರ್ ಕಟ್ಟಿ ಮ್ಯಾಲ ಹೇಳಿದ್ರು ಅಂದ್ಲು."

ಅವನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ. ಸಿಟ್ಟು ಬರಲೆಂದು ಕಾದ, ಬರಲಿಲ್ಲ. ಮತ್ತೆ ಫೋನು ಬಂತು, ಹೊಸ ನಂಬರು.

"ನಾನ್ರಿ ಸರ, ಅಂಬಿಕಾ. ಮೇಡಂ ನಿಮ್ಮ ನಂಬರ ಕೊಟ್ರು. ನಾಳೆ ಒಬ್ಬೊಬ್ಬರನ್ನ ಅವರವರ ಮನಿಯಾಗ ಕೇಳೂಣು, ನೀವು ಜೋಡಿಗೆ ಬರ್ರಿ. ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬರೇ ಮೂರು ಓಣಿ ಹಿಡದೀರಿ. ಮೂರ ತೂಬು ನೋಡಿ ಇಡೀ ಕಾಲವಿ ಹೆಂಗೈತಿ ಅಂತ ಹೇಳಾಕ ಬರ್ತೈತೇನ್ರಿ?"

ಮೂರು ತಿಂಗಳ ಓದಿನಲ್ಲಿ ಈ ಪ್ರಶ್ನೆ ವೀರೇಶನಿಗೆ ಹೊಳೆದಿರಲಿಲ್ಲ.

"ಎಷ್ಟು ಬೇಕಂತೀರಿ?" ಎಂದ. ತನಗೇ ತಿಳಿಯದಂತೆ ಅವನ ಬಾಯಲ್ಲಿ ಅವಳಿಗೆ ಬಹುವಚನ ಬಂದಿತ್ತು.

"ಮೂವತ್ತು ಓಣಿ ಅರ ಬೇಕ್ರಿ, ಓಣಿಗೆ ಹತ್ತು ಮನಿ. ಬಾಜೂ ಊರು ಗೊರೇಬಾಳಕ್ಕೂ ಹೋಗೂಣು."

ಬಸ್‌ಸ್ಟ್ಯಾಂಡಿನೆದುರು ಜೆರಾಕ್ಸ್ ಅಂಗಡಿಯ ಮಕ್ತುಮ್‌ಸಾಬ್ ಶಟರ್ ಎಳೆಯುತ್ತಿದ್ದ. ವೀರೇಶ ಓಡಿ ಹೋಗಿ ಅದನ್ನು ಕೈಯಿಂದ ಎತ್ತಿ ಹಿಡಿದ.

"ಮುನ್ನೂರು ಕಾಪಿ ತಗೀರಿ ಭಾಯಿ."