ನಾದಿನಿಯ ರನ್‌ಟೈಮು ಮತ್ತು ಕೆಂಪು ಚೀಟಿ

ನನ್ನ ನಾದಿನಿಗೆ ತೂತು ಹುಡುಕುವ ಚಟ. ತಪ್ಪು ತಿಳಿಯಬೇಡಿ, ಮನುಷ್ಯರಲ್ಲಿ ಅಲ್ಲ! ಹಾಗಿದ್ದರೆ ನಮ್ಮ ಕುಟುಂಬದಲ್ಲೇ ಅವಳಿಗೆ ಕೈತುಂಬ ಕೆಲಸವಿತ್ತು. ಅವಳು ಹುಡುಕುವುದು ಕಂಪ್ಯೂಟರಿನ ರನ್‌ಟೈಮಿನಲ್ಲಿ. ಉಳಿದವರು ಬೆಳಿಗ್ಗೆ ಎದ್ದು ರಾಶಿಫಲ ಓದಿದರೆ, ಅರವತ್ತೆಂಟರ ಈ ಮಹಾತಾಯಿ ಯಾವ ರನ್‌ಟೈಮಿನಲ್ಲಿ ಹೊಸ ತೂತು ಸಿಕ್ಕಿದೆ ಎಂಬ ಸೆಕ್ಯೂರಿಟಿ ನೋಟಿಸ್ ಓದುತ್ತಾಳೆ.

ರನ್‌ಟೈಮ್ ಎಂದರೇನೆಂದು ನಾನೂ ಕೇಳಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಸೂತಿ, ಎಲೊಕ್ಯೂಷನ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು, ಇದೊಂದು ಬಿಟ್ಟುಹೋಗಿತ್ತು.

"ಅತ್ತಿಗೆ, ನಿಮ್ಮ ಸಾರು ಪ್ರೋಗ್ರಾಮ್ ಅಂತಿಟ್ಕೊಳ್ಳಿ. ಅದು ಕುದಿಯೋಕೆ ಕೆಳಗೆ ಒಲೆ ಬೇಕಲ್ಲ? ಆ ಒಲೆ, ಸಿಲಿಂಡರು, ಪೈಪು, ಅದೇ ರನ್‌ಟೈಮು. ಸಾರು ಎಷ್ಟೇ ಚೆನ್ನಾಗಿರ್ಲಿ, ಪೈಪಲ್ಲಿ ತೂತಿದ್ರೆ?"

"ಮನೆಗೇ ಬೆಂಕಿ."

"ಅಷ್ಟೇ! ಎಲ್ರೂ ಸಾರಿನ ರುಚಿ ನೋಡ್ತಾರೆ. ಪೈಪು ಮೂಸಿ ನೋಡೋಳು ನಾನೊಬ್ಳೇ."

ಆಮೇಲೆ, ಸಾರಿಗೆ ಉಪ್ಪು ಕಡಿಮೆ ಎಂದೂ ಸೇರಿಸಿದಳು.

ನಮ್ಮ ಆಲ್ಕೊಳ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯವನನ್ನು ಕೇಳಿ. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ ಆಧಾರ್ ಕಾರ್ಡಿನ ಕಾಪಿ ತೆಗೆಸಲು ಹೋದ ನಾದಿನಿ, ಅವನ ಕಂಪ್ಯೂಟರಿನ ರನ್‌ಟೈಮ್ ಹಳೆಯದೆಂದು ಕಂಡು, ಹೊಸದು ಹಾಕುವವರೆಗೂ ಕಾರ್ಡನ್ನು ಪರ್ಸಿನಿಂದ ತೆಗೆಯಲಿಲ್ಲ. ಹಿಂದೆ ಕ್ಯೂ ರಸ್ತೆಗೆ ಬಂದಿತ್ತು! ಈಗ ಅವಳು ದೂರದಲ್ಲಿ ಕಂಡರೆ ಸಾಕು, "ಕರೆಂಟಿಲ್ಲ ಅಮ್ಮಾ" ಎನ್ನುತ್ತಾನೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ.

ನಗುತ್ತೇನೆ, ಆದರೆ ಒಳಗೊಳಗೇ ಹೆಮ್ಮೆ. ಭದ್ರಾವತಿಯ ಕಾರ್ಖಾನೆಯೊಂದರ ಕಂಪ್ಯೂಟರ್ ರೂಮಿನಲ್ಲಿ ದುಡಿದು ರಿಟೈರ್ ಆದವಳು. ಬಳಿಕ ಓಲ್ಡ್ ಟೌನಿನ ಒಂದು ಧರ್ಮಾರ್ಥ ಕ್ಲಿನಿಕ್ಕಿಗೆ ರೋಗಿಗಳ ರಿಜಿಸ್ಟರ್ ಪ್ರೋಗ್ರಾಮನ್ನು ತಾನೇ ಬರೆದುಕೊಟ್ಟಳು. ಗಂಡನಿಗೂ ಅತ್ತೆಗೂ ಹೇಳದ್ದನ್ನು ಹೆಂಗಸರು ಅಲ್ಲಿಯ ಡಾಕ್ಟರಮ್ಮನಿಗೆ ಹೇಳುತ್ತಾರೆ. ಅದೆಲ್ಲ ಆ ರಿಜಿಸ್ಟರಿನಲ್ಲಿದೆ. "ಅವ್ರ ಗುಟ್ಟು ನನ್ನ ಕೈಲಿದೆ ಅತ್ತಿಗೆ, ಸೋರೋಕೆ ಬಿಡಲ್ಲ" ಎನ್ನುತ್ತಾಳೆ. ಇಂಗ್ಲಿಷ್ ಓದಿದ ನಾನು ಆ ಭಾಷೆಯಲ್ಲಿ ಮಾತ್ರೆಯ ಹೆಸರು ಬಿಟ್ಟು ಮತ್ತೇನು ಓದಿದೆ, ಹೇಳಿ?

ಕಳೆದ ತಿಂಗಳು ಒಂದು ಶುಕ್ರವಾರ, ಆ ರಿಜಿಸ್ಟರಿನ ರನ್‌ಟೈಮಿನಲ್ಲೇ ತೂತು ಎಂಬ ನೋಟಿಸ್ ಬಂತು. ಅದೂ ಕ್ರಿಟಿಕಲ್! ಎಲ್ಲೋ ಕೂತವನು ಒಳಗೆ ನುಗ್ಗಿ ಎಲ್ಲ ಓದಬಹುದಂತೆ. ಹೊಸ ರನ್‌ಟೈಮ್ ಹಾಕಲು ಮೆಷಿನ್ ನಿಲ್ಲಿಸಬೇಕು. ಈಚೆಗಷ್ಟೇ ಬೇರೆ ಊರಿನಿಂದ ಬಂದ ಹೊಸ ಡಾಕ್ಟರಮ್ಮ, "ತಿಂಗಳ ಕೊನೆಗೆ ನೋಡೋಣ ಮೇಡಂ" ಎಂದರು. ನಾದಿನಿ ವಾದ ಮಾಡಲಿಲ್ಲ. ಮೆಷಿನ್ ಆಫ್ ಮಾಡಿ ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಮನೆಗೆ ಹೋದಳು.

ಕಾರ್ಖಾನೆಯಲ್ಲಿ ರಿಪೇರಿಗೆ ನಿಂತ ಯಂತ್ರಕ್ಕೆ ಕೆಂಪು ಚೀಟಿ ಕಟ್ಟುತ್ತಾರೆ. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಬಿಚ್ಚಿ ಸ್ವಿಚ್ ಹಾಕಿದರೆ ಒಳಗಿದ್ದವನ ಕೈ ಹೋದೀತು. ಶನಿವಾರ ಡಾಕ್ಟರಮ್ಮ ಪಾಪ, ಗೊತ್ತಿಲ್ಲದೆ ಚೀಟಿಗೆ ಕೈ ಹಾಕಿದರಂತೆ. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಒಟ್ಟಿಗೆ ಕೂಗಿದರು: "ಮುಟ್ಬೇಡಿ!" ನಿಲ್ಲಲಾಗದೆ ಬಂದ ಮುದುಕರೊಬ್ಬರು ಎದ್ದೇ ನಿಂತರಂತೆ!

ರಿಸೆಪ್ಷನ್ನಿನ ಶಬಾನಾ ಬಿಡಿಸಿ ಹೇಳಿದಳಂತೆ: "ಕಟ್ಟಿದೋರೇ ಬಿಚ್ಬೇಕು ಮೇಡಂ. ನಮ್ಮ ಅಬ್ಬಾನೂ ಫ್ಯಾಕ್ಟರೀಲಿದ್ರು. ಚೀಟಿ ಅಂದ್ರೆ ಚೀಟಿ."

ಆ ದಿನ ಎಲ್ಲವೂ ಕೈಬರಹ. ಡಾಕ್ಟರಮ್ಮನ ಅಕ್ಷರ ಮೆಡಿಕಲ್ ಶಾಪಿನವನಿಗೂ ಅರ್ಥವಾಗದೆ ಅವನೇ ಕ್ಲಿನಿಕ್ಕಿಗೆ ಓಡಿಬಂದನಂತೆ. "ಸೋಮವಾರ ಬೆಳಿಗ್ಗೆಯೊಳಗೆ ಆಗದಿದ್ದರೆ ನಾನೇ ಬಿಚ್ಚುತ್ತೇನೆ" ಎಂದು ಡಾಕ್ಟರಮ್ಮ ನಾದಿನಿಗೆ ಕಟ್ಟಪ್ಪಣೆ ಮಾಡಿದರು.

ಭಾನುವಾರ ನನಗೆ ಫೋನ್. "ಅತ್ತಿಗೆ, ಬಸ್ ಹತ್ತಿ ಬನ್ನಿ. ನಿಮ್ಮ ಇಂಗ್ಲಿಷ್ ಬೇಕು."

ಈ ಮಾತಿಗಾಗಿ ಐವತ್ತು ವರ್ಷ ಕಾದಿದ್ದೆ! ಒಳ್ಳೆಯ ಸೀರೆ ಉಟ್ಟು ಹೋದೆ. ಖಾಲಿ ಕ್ಲಿನಿಕ್ಕಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತನ್ನ ಫೋನಿನಲ್ಲಿದ್ದ ನೋಟಿಸ್ ಓದಿಸಿದಳು. ಎಲೊಕ್ಯೂಷನ್ ಕಪ್ ಗೆದ್ದ ಗಂಟಲಿನಲ್ಲಿ "ರಿಮೋಟ್ ಅಟ್ಯಾಕರ್" ಎಂದು ಏರಿಳಿತ ಕೊಟ್ಟು ಓದಿದೆ.

"ನಾಟಕ ಬೇಡ ಅತ್ತಿಗೆ. ಹೊಸ ರನ್‌ಟೈಮಿನ ನಂಬರ್ ಹೇಳಿ."

ಹೇಳಿದೆ. ಮತ್ತೊಮ್ಮೆ ಕೇಳಿದಳು. ಮೂರನೇ ಸಲ ಕೇಳಿದಾಗ ತಿರುಗಿ ನೋಡಿದೆ. ಅವಳ ಪರದೆಯ ಮೇಲೆ ಒಂದೊಂದು ಅಕ್ಷರ ಇಡ್ಲಿಯಷ್ಟು ದೊಡ್ಡದಾಗಿತ್ತು. ಆದರೂ ಅವಳು ಅದನ್ನು ನೋಡದೆ ಪಕ್ಕದ ಗೋಡೆಯನ್ನು ನೋಡುತ್ತಿದ್ದಳು.

"ಯಾವಾಗಿಂದ ಮಾರಾಯ್ತಿ?"

"ದೀಪಾವಳಿಯಿಂದ. ಅಂಚು ಕಾಣ್ಸುತ್ತೆ, ನಡುವಿಂದು ಕಾಣ್ಸಲ್ಲ. ನಿಮ್ಮ ಮುಖ ನೋಡಿದ್ರೆ ಬರೀ ಓಲೆ ಕಾಣ್ಸುತ್ತೆ." ಬೆರಳುಗಳು ಕೀಲಿಗಳ ಮೇಲೆ ಓಡುತ್ತಲೇ ಇದ್ದವು. "ಶುಕ್ರವಾರ ಚೀಟಿ ಕಟ್ಟಿ ಮನೇಗೆ ಹೋದೆ, ನಿಧಾನವಾಗಿ ಓದೋಣ ಅಂತ. ತಲೆಬರಹ ಬಿಟ್ರೆ ಒಂದು ಸಾಲೂ ಓದೋಕಾಗ್ಲಿಲ್ಲ. ಇಲ್ಲಿಯ ಡಾಕ್ಟರಮ್ಮಂಗೆ ಗೊತ್ತಾದ್ರೆ ರೆಸ್ಟ್ ತಗೊಳ್ಳಿ ಅಂತಾರೆ. ಆಮೇಲೆ ಆ ಹೆಂಗಸ್ರನ್ನ ಯಾರು ಕಾಯ್ತಾರೆ?"

ಓದುವುದು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಯಾಕೆ ನಿಲ್ಲಿಸಿದ್ರಿ? ಎರರ್ ಬಂತಾ?"

"ಇಲ್ಲ."

"ಹಾಗಾದ್ರೆ ಆಮೇಲೆ ಅಳೋಣ, ಇಬ್ರೂ ಸೇರಿ. ಮುಂದಿನ ಸಾಲು ಓದಿ."

ಓದಿದೆ. ಏರಿಳಿತವಿಲ್ಲದೆ, ಒಂದೂ ಅಕ್ಷರ ನುಂಗದೆ. ನಾಲ್ಕು ಗಂಟೆಗೆ ಹೊಸ ರನ್‌ಟೈಮಿನ ಮೇಲೆ ರಿಜಿಸ್ಟರ್ ತೆರೆದುಕೊಂಡಿತು. ಹೆಸರುಗಳು ಒಂದರ ಕೆಳಗೊಂದು ಇಳಿದು ಬಂದವು. ಉತ್ಸಾಹದಿಂದ ಮೊದಲ ಹೆಸರಿಗೆ ಬಾಯಿ ತೆರೆದೆ.

ಅವಳ ಕೈ ನನ್ನ ಕೈಯನ್ನು ತಡವಿ ಹಿಡಿಯಿತು. "ಹೆಸರು ಓದ್ಬೇಡಿ ಅತ್ತಿಗೆ. ಬಂದ್ವಾ, ಅಷ್ಟೇ ಹೇಳಿ."

"ಬಂದ್ವು," ಎಂದೆ, ಕಣ್ಣು ಮುಚ್ಚಿಕೊಂಡು.